ನಮ್ಮ ಮಾವನ ಬಿಳಿ ಬಳಗ

ನಮ್ಮ ಸೋದರಮಾವನಿಗೆ ಲ್ಯಾಟಿನ್ ಭಾಷೆ ಬರುತ್ತದೆ! ನಗಬೇಡಿ, ಪೂರ್ತಿ ಬರುತ್ತದೆ ಎಂದು ನಾನೆಲ್ಲಿ ಹೇಳಿದೆ? ಒಂದೇ ಒಂದು ಪದ ಬರುತ್ತದೆ. ಆದರೆ ಆ ಪದ ಇಟ್ಟುಕೊಂಡು ಅವರು ನ್ಯಾಮತಿಯಲ್ಲಿ ಬಸ್ ಹತ್ತಿದರೆಂದರೆ, ಹೊನ್ನಾಳಿ ಬರುವಷ್ಟರಲ್ಲಿ ಕಂಡಕ್ಟರಿಗೂ ಅದು ಬಾಯಿಪಾಠವಾಗಿರುತ್ತದೆ. ರಾಶಿ ರಾಶಿ ಪದ ಕಲಿತವರು ಬಾಯಿ ಮುಚ್ಚಿಕೊಂಡು ಮೊಬೈಲು ತಿಕ್ಕುತ್ತಾ ಕೂತಿರುವಾಗ, ಒಂದೇ ಪದದಿಂದ ನಾಲ್ಕು ತಾಲ್ಲೂಕು ಆಳುವುದು ಸಾಮಾನ್ಯದ ಮಾತೇ?

ನನ್ನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹೊನ್ನಾಳಿಯಲ್ಲಿ ಸುಣ್ಣ ಬಣ್ಣದ ಕೆಲಸ. ಈ ಊರಿನ ಒಳ್ಳೆಯ ಮನೆಗಳಲ್ಲಿ ನನ್ನ ಬ್ರಷ್ಷು ಮುಟ್ಟದ ಗೋಡೆ ಹುಡುಕುವುದು ಕಷ್ಟ. ಜಂಬ ಅನ್ನುತ್ತೀರಾ? ಅನ್ನಿ. ದಿನವೂ ಏಣಿ ಹತ್ತುವವನಿಗೆ ಅಷ್ಟು ಎತ್ತರವಾದರೂ ಬೇಡವೇ?

ಮಾವನದು ನ್ಯಾಮತಿಯಲ್ಲಿ ಫೋಟೋ ಸ್ಟುಡಿಯೋ. ಮದುವೆ ಫೋಟೋ ತೆಗೆದು ತೆಗೆದು ಅವರಿಗೆ ಜಗತ್ತೇ ಒಂದು ಸ್ಟೇಜು. ಸಾವಿನ ಮನೆಗೆ ಮಾತಾಡಿಸಲು ಹೋದರೂ, ಅಳುತ್ತಾ ಕೂತವರಿಗೆ "ಗದ್ದ ಒಂಚೂರು ಇಳಿಸ್ರಿ" ಎಂದುಬಿಡುತ್ತಾರೆ!

ಅವರಿಗೆ ಒಬ್ಬಳೇ ಮಗಳು, ಗೌರಿ. ಹುಟ್ಟುವಾಗಲೇ ಬೆಳ್ಳಗೆ. ಬೆಳ್ಳಗೆಂದರೆ ನೀವು ಹೇಳುವ ಬೆಳ್ಳಗಲ್ಲ. ಚರ್ಮ, ಕೂದಲು, ಹುಬ್ಬು, ಎಲ್ಲವೂ ಹಿಂಜಿದ ಹತ್ತಿಯ ಬಣ್ಣ. ಬಿಸಿಲಿಗೆ ಕಣ್ಣು ಬಿಡಲಾಗದು. ದೂರದ್ದು ಕಾಣದು. ಆದರೆ ಕಂಪ್ಯೂಟರಿಗೆ ಮೂಗು ತಾಗಿಸಿ ಕೂತಳೆಂದರೆ ಅವಳಂಥ ಕೆಲಸಗಾರ್ತಿ ಇಲ್ಲ. ಸ್ಟುಡಿಯೋದ ಫೋಟೋಗಳನ್ನೆಲ್ಲ ತಿದ್ದುವವಳು ಅವಳೇ. ತಿದ್ದುವುದು ಎಂದರೆ ಏನೆಂದುಕೊಂಡಿರಿ? ಮದುಮಗಳನ್ನು ಬೆಳ್ಳಗೆ ಮಾಡುವುದು!

"ನಮ್ಮ ಹುಡುಗಿನ ಇನ್ನೊಂಚೂರು ಬೆಳ್ಳಗೆ ಮಾಡವ್ವ," ಎಂದು ಬಂದವರೆಲ್ಲ ಗೋಗರೆಯುತ್ತಾರೆ. ಗೌರಿ ಮಾಡಿಕೊಡುತ್ತಾಳೆ. ಅವರು ಹೋದಮೇಲೆ ನನ್ನ ಕಡೆ ತಿರುಗಿ, "ನೋಡು ಭಾವ, ಊರಿಗೆಲ್ಲಾ ಬಿಳೀದೇ ಬೇಕು. ನಾನು ಬೀದ್ಯಾಗೆ ಹೊಂಟ್ರೆ ಮಾತ್ರ ನಿಂತು ನೋಡ್ತಾರೆ," ಎಂದು ನಗುತ್ತಾಳೆ.

ಕೆಲವು ವರ್ಷಗಳ ಹಿಂದೆ ಜಗಳೂರಿನಲ್ಲಿ ನೆಂಟರ ಮದುವೆ. ಕ್ಯಾಮೆರಾ ಮಾವನದೇ. ಸ್ಟೇಜಿನ ಮೇಲೆ ಗುಂಪು ಫೋಟೋಕ್ಕೆ ನಿಂತಾಗ ಗಂಡಿನ ಕಡೆಯ ಹೆಂಗಸೊಬ್ಬರು ಮಾವನನ್ನು ಕೂಗಿದರು:

"ರೀ ಫೋಟೋದೋರೆ, ಆ ಬಿಳೀ ಹುಡುಗಿನ ಅತ್ಲಾಗೆ ಕಳಸ್ರಿ. ಮುಖ ಬಲ್ಬ್ ಹತ್ತಿದಂಗೆ ಬರ್ತೈತೆ!"

ಆಕೆಗೆ ಅದು ಅವರ ಮಗಳೆಂದು ಗೊತ್ತಿರಲಿಲ್ಲ. ಮಾವ ಎತ್ತಿದ ಕ್ಯಾಮೆರಾ ಕೆಳಗಿಳಿಸಿದರು. ಯಾಕೆಂದರೆ ಮಾತು ಒರಟಾದರೂ ಸುಳ್ಳಲ್ಲ. ಚಿಕ್ಕಂದಿನಿಂದ ಗೌರಿಯ ಯಾವ ಫೋಟೋ ತೆಗೆದರೂ ಮುಖದ ಜಾಗದಲ್ಲಿ ಒಂದು ಬೆಳಕಿನ ಉಂಡೆ, ಕಣ್ಣಿಲ್ಲ, ಮೂಗಿಲ್ಲ. ಅವತ್ತು ಗೌರಿ ತಾನೇ ಸ್ಟೇಜಿನಿಂದ ಇಳಿದಳು. ಮತ್ತೆ ಕ್ಯಾಮೆರಾ ಮುಂದೆ ನಿಲ್ಲಲಿಲ್ಲ. ಕಂಡವರ ಮಕ್ಕಳ ಫೋಟೋ ತೆಗೆದೇ ಮನೆ ಕಟ್ಟಿಸಿದ ಮನುಷ್ಯನಿಗೆ ಸ್ವಂತ ಮಗಳದೊಂದು ನೆಟ್ಟಗಿನ ಫೋಟೋ ಇಲ್ಲ! ಅವರಿಗೆ ಬದುಕಿನಲ್ಲಿ ಬೇಕಾಗಿದ್ದು ಅದೊಂದೇ.

ಆ ಮದುವೆಯ ಆಲ್ಬಂ ತಲುಪಿಸಲು ಹೊರಟ ದಿನವೇ ಗೌರಿಯನ್ನು ದಾವಣಗೆರೆಯ ಕಣ್ಣಿನ ಡಾಕ್ಟರಿಗೂ ತೋರಿಸಿದರು. ಡಾಕ್ಟರು ಕಣ್ಣು ನೋಡಿ, "ಇದಕ್ಕೆ ಆಲ್ಬಿನಿಸಂ ಅಂತಾರೆ. ಹುಟ್ಟಿನಿಂದ ಬಂದದ್ದು. ಕನ್ನಡಕ ಕೊಡ್ತೀನಿ, ಬಿಸಿಲಿಗೆ ಹುಷಾರು," ಎಂದರು. ಮಾವ ಕಂಕುಳಲ್ಲಿದ್ದ ದಪ್ಪ ಆಲ್ಬಂ ನೋಡಿದರು, ಡಾಕ್ಟರ ಮುಖ ನೋಡಿದರು.

"ಡಾಕ್ಟ್ರೇ, ನಮ್ಮ ಆಲ್ಬಮ್ಮಿಗೂ ಇದಕ್ಕೂ ಏನಾರ ಸಂಬಂಧ ಐತಾ?"

ಡಾಕ್ಟರಿಗೆ ನಗು ಬಂತು. "ಇದೆ ಯಜಮಾನ್ರೆ. ಲ್ಯಾಟಿನ್ನಿನಲ್ಲಿ ಆಲ್ಬಸ್ ಅಂದ್ರೆ ಬಿಳಿ. ಎರಡೂ ಅದರ ಮಕ್ಕಳೇ."

ಮುಗಿಯಿತು! ಡಾಕ್ಟರು ಕನ್ನಡಕ ಕೊಟ್ಟಿದ್ದು ಮಗಳಿಗೆ, ಕಣ್ಣು ತೆರೆದದ್ದು ಅಪ್ಪನಿಗೆ. ಸಂಜೆ ಸೀದಾ ನನ್ನ ಮನೆಗೆ ಬಂದು, "ಅಳಿಯ, ನನ್ನ ಮಗಳಿಗಿರೋದು ರೋಗ ಅಲ್ಲ ಕಣೋ, ನಮ್ಮ ಅಂಗಡಿ ಆಲ್ಬಮ್ಮಿನ ಹೆಸರು!" ಎಂದರು. ಅಂದಿನಿಂದ ಮೊಬೈಲು ಹಿಡಿದು, ಹೆಣ್ಣಿಗೆ ಸಂಬಂಧ ಹುಡುಕುವವರ ಹಾಗೆ ಆ ಪದಕ್ಕೆ ನೆಂಟರನ್ನು ಹುಡುಕಲು ಶುರು ಮಾಡಿದರು. ಸಿಕ್ಕಿದ್ದನ್ನು ಹೇಳುವ ರೀತಿ ಕೇಳಬೇಕು:

"ಲ್ಯಾಟಿನ್ ಅನ್ನೋ ಯಜಮಾನ ಸತ್ತ. ಮಕ್ಕಳು ಪಾಲಾದ್ರು. ಇಟಲಿ ಮಗನ ಪಾಲಿಗೆ 'ಆಲ್ಬಾ' ಬಂತು, ಅಂದ್ರೆ ಬೆಳಗಿನ ಜಾವ; ಬಾನು ಬೆಳ್ಳಗಾಗೋ ಹೊತ್ತು. ಸ್ಪೇನಿನೋನಿಗೂ ಅದೇ. ಫ್ರಾನ್ಸಿನೋನು ಅದನ್ನೇ ತಿರುಚಿ 'ಓಬ್' ಅಂದ. ರುಮೇನಿಯಾದೋನು ಪುಣ್ಯಾತ್ಮ, ಬಿಳಿಗೆ ಇವತ್ತಿಗೂ 'ಆಲ್ಬ್' ಅಂತಾನೆ. ಪೋರ್ಚುಗೀಸಿನೋನು ಹಡಗು ಹತ್ತಿ ಹೋಗಿ, ನಮ್ಮ ಗೌರಿಯಂಥೋರ್ನ ಕಂಡು 'ಆಲ್ಬಿನೋ' ಅಂತ ಹೆಸರಿಟ್ಟ. ಜರ್ಮನಿಯ ಓದೋ ಹುಡುಗ್ರು ಬಿಳೀ ಹಾಳೆ ಹೊಲ್ಕಂಡು, ಗೆಳೆಯರ ಸಹಿ ಹಾಕಿಸ್ಕಂಡು ಅದಕ್ಕೆ 'ಆಲ್ಬಂ' ಅಂದ್ರು. ಅದು ಕೈಯಿಂದ ಕೈಗೆ ಬಂದು ನಮ್ಮ ನ್ಯಾಮತಿಗೆ ಮದುವೆ ಆಲ್ಬಮ್ಮಾತು!"

"ಎಲ್ರಿಗೂ ಪಾಲು ಕೊಟ್ರಿ, ನನಗೇನೂ ಇಲ್ವಾ ಮಾವ?" ಎಂದೆ.

"ನಿನಗಿಲ್ದೆ ಇರ್ತೈತಾ? ಇಂಗ್ಲಿಷ್ನಾಗೆ ಮೆತ್ತೋದಕ್ಕೆ 'ಡಾಬ್' ಅಂತಾರೆ. ಅದರ ಮೂಲಾನೂ ಇದೇ: ಬೆಳ್ಳಗೆ ಮಾಡು, ಸುಣ್ಣ ಹೊಡಿ ಅಂತ. ನೀನು ಏಣಿ ಹತ್ತಿ ಮಾಡೋದೆಲ್ಲ ಲ್ಯಾಟಿನ್ನೇ ಕಣೋ!"

ನಾನು ಶಾಲೆ ಬಿಟ್ಟಾಗ ಬೈದ ಮೇಷ್ಟರು ಈ ಮಾತು ಕೇಳಬೇಕಿತ್ತು.

ಒಮ್ಮೆ ಚನ್ನಗಿರಿ ಕಡೆ ಕೆಲಸವಿತ್ತು, ಮಾವನೂ ಜೊತೆಗೆ ಬಂದರು. ದಾರಿಯಲ್ಲೊಂದು ಗಿಡಗಳ ನರ್ಸರಿ. ಶ್ರೀಗಂಧದ ಸಸಿಗಳ ಮುಂದೆ ಹಲಗೆ ನೆಟ್ಟಿದ್ದರು: 'ಸ್ಯಾಂಟಲಮ್ ಆಲ್ಬಮ್'. ಮಾವ ಬೈಕಿನಿಂದ ಹಾರಿಯೇಬಿಟ್ಟರು! ಸಸಿಯ ತಲೆ ಸವರುತ್ತಾರೆ, ಎಲೆ ಮುಟ್ಟುತ್ತಾರೆ, ಕಣ್ಣಿಗೊತ್ತಿಕೊಳ್ಳುತ್ತಾರೆ. ಕಾವಲಿನವನು ಕೋಲು ಹಿಡಿದು ಬಂದ.

"ಯಾಕ್ರೀ ಯಜಮಾನ್ರೆ, ಆ ಗಿಡಾನ ಹಂಗೆ ಮುಟ್ಟಿ ಮುಟ್ಟಿ ನೋಡಾಕೆ ಹತ್ತೀರಿ?"

"ಇದು ನಮ್ಮ ಸಂಬಂಧ ಕಣಪ್ಪ, ನಮ್ಮ ಬಳಗ!"

"ಶ್ರೀಗಂಧಕ್ಕೆ ಬಳಗ ಭಾಳ ದೊಡ್ಡದೈತೆ ಬಿಡ್ರಿ. ಆದ್ರೆ ಬೇರೇರೆಲ್ಲ ಕತ್ತಲಾದ ಮ್ಯಾಲೆ ಬರ್ತಾರೆ. ನೀವೊಬ್ರೇ ಹಗಲೊತ್ತು ಬಂದಿರೋದು!"

ಅವನ ಕೈಯಿಂದ ಮಾವನನ್ನು ಬಿಡಿಸಿಕೊಂಡು ಬರುವಷ್ಟರಲ್ಲಿ ನನ್ನ ಕೆಲಸದ ಹೊತ್ತೇ ಕಳೆದಿತ್ತು.

ಮೊಟ್ಟೆಯ ಕಥೆ ಇನ್ನೂ ಘೋರ. ಮೊಟ್ಟೆಯ ಬಿಳಿ ಭಾಗಕ್ಕೆ 'ಆಲ್ಬುಮೆನ್' ಎನ್ನುತ್ತಾರೆಂದು ಓದಿದ ಮಾವ, ಹೊನ್ನಾಳಿಯ ಎಗ್‌ರೈಸ್ ಗಾಡಿಯ ಮುಂದೆ ಕೈಕಟ್ಟಿ ನಿಂತರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ! ಗಾಡಿಯ ಭಾಯ್ ಮೊಟ್ಟೆ ಒಡೆದು ಬಾಣಲೆಗೆ ಬಿಟ್ಟ.

"ಆ ಬಿಳೀದಕ್ಕೆ ಏನಂತಾರೆ ಗೊತ್ತೇನ್ರಿ ಭಾಯ್?"

"ಬಿಳೀದಕ್ಕೆ ಬಿಳೀದು ಅಂತಾರೆ, ಹಳದಿಗೆ ಹಳದಿ ಅಂತಾರೆ. ಹಿಂದೆ ಜನ ನಿಂತೈತೆ ಯಜಮಾನ್ರೆ, ಸಿಂಗಲ್ಲೋ ಡಬಲ್ಲೋ ಹೇಳ್ರಿ!"

ಮಾವ ಊರು ಮುಟ್ಟುವ ಮುಂಚೆ ಸುದ್ದಿ ಅತ್ತೆಗೆ ಮುಟ್ಟಿತ್ತು. "ಈ ವಯಸ್ನಾಗೆ ಮೊಟ್ಟೆ ಗಾಡಿ ಮುಂದೆ ನಿಂತಿದ್ರಂತೆ?" ಎಂದರು ಅತ್ತೆ.

"ತಿನ್ನಾಕಲ್ಲ ಕಣೇ, ಹೆಸರು ಕೇಳಾಕೆ ನಿಂತಿದ್ದೆ!"

"ಎಲ್ರೂ ಹಂಗೇ ಶುರು ಮಾಡೋದು!"

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಗೌರಿಯೂ ನಕ್ಕಳು. ನಕ್ಕು ಮುಗಿದಮೇಲೆ ಕಂಪ್ಯೂಟರಿನಿಂದ ತಲೆ ಎತ್ತದೆಯೇ ಕೇಳಿದಳು: "ಅಪ್ಪಾ, ನಿನ್ನ ಬಳಗದಾಗೆ ಮರ ಬಂತು, ಮೊಟ್ಟೆ ಬಂತು, ಭಾವನ ಗೋಡೆ ಬಂತು. ನನ್ನ ಪಕ್ಕ ನಿಂತು ಫೋಟೋ ತೆಗೆಸ್ಕೊಳ್ಳೋ ಮನುಷ್ಯರು ಯಾರಾರ ಬಂದ್ರಾ?"

ಮಾವ ಮೊಬೈಲು ಕೆಳಗಿಟ್ಟರು. ಆಮೇಲೆ ಎಷ್ಟೋ ದಿನ ಬಸ್ಸಿನ ಕಂಡಕ್ಟರಿಗೆ ನೆಮ್ಮದಿ.

ಅಷ್ಟರಲ್ಲಿ ನನ್ನ ಮಗಳ ಮದುವೆ ಗೊತ್ತಾಯಿತು. ಹೊನ್ನಾಳಿಯಲ್ಲೇ, ನಮ್ಮ ಮನೆ ಮುಂದೆಯೇ ಚಪ್ಪರ. ನನ್ನ ಮಗಳಿಗೆ ನನ್ನದೇ ಬುದ್ಧಿ, ಹಿಡಿದರೆ ಬಿಡುವವಳಲ್ಲ. "ಗೌರಿ ಚಿಕ್ಕಮ್ಮ ನನ್ನ ಪಕ್ಕ ನಿಲ್ಲಬೇಕು. ಇಲ್ಲಾಂದ್ರೆ ನನಗೆ ಆಲ್ಬಮ್ಮೇ ಬೇಡ," ಎಂದು ಕೂತಳು.

ಗೌರಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. "ಒಂದೇ ಒಂದು ಫೋಟೋ. ಅದ್ರಾಗೂ ಬಲ್ಬ್ ಹತ್ತಿದ್ರೆ ಇನ್ಯಾವತ್ತೂ ನನ್ನ ಕರೀಬಾರದು. ನೀನೂ ಅಷ್ಟೇ ಅಪ್ಪಾ."

"ಆತು ಕಣವ್ವ," ಎಂದರು ಮಾವ.

ಮದುವೆ ಹತ್ತಿರವಾದಂತೆ ಮಾವ ಮತ್ತೆ ಆ ಪದದ ಬೆನ್ನು ಹತ್ತಿದರು. ಒಂದು ದಿನ ಏಣಿಯ ಮೇಲಿದ್ದವನನ್ನು ಕೆಳಗಿಳಿಸಿ ಹೇಳಿದರು:

"ಅಳಿಯ, ನಾನೆಂಥ ದಡ್ಡ! ಹಳೇ ರೋಮಿನೋರು ಊರಿಗೆ ಸುದ್ದಿ ತಿಳಿಸಾಕೆ ಹಲಗೆಗೆ ಸುಣ್ಣ ಬಳಿದು ಬರೀತಿದ್ರಂತೆ. ಆ ಹಲಗೆಗೇ ಮೊದಲು ಆಲ್ಬಂ ಅಂತಿದ್ದದ್ದು. ಯಾಕೆ ಬಳೀತಿದ್ರು? ಬರೆದದ್ದು ಕಾಣ್ಲಿ ಅಂತ! ನಾನೇನು ಮಾಡ್ದೆ? ನಮ್ಮಪ್ಪನ ಕಾಲದ ಕಡುನೀಲಿ ಪರದೆ ಮುಂದೆ ಮಗಳನ್ನ ನಿಲ್ಸಿ ಫ್ಲ್ಯಾಶ್ ಹೊಡ್ದೆ. ಆ ಪರದೆ ಕಟ್ಟಿದ್ದು ನಮ್ಮಂಥ ಕರೀ ಮುಖದೋರಿಗೆ ಕಣೋ. ಹಿಂದೆ ಕತ್ತಲಿದ್ರೆ ಕ್ಯಾಮೆರಾ ಬೆಳಕು ಸಾಲ್ದು ಅಂತ ಜಾಸ್ತಿ ಎಳ್ಕಂತೈತೆ. ಹಿಂದೆ ಬಿಳೀದಿದ್ರೆ ಅದೇ ಕ್ಯಾಮೆರಾ ಕಮ್ಮಿ ಎಳ್ಕಂತೈತೆ. ಫೋಟೋದಾಗೆ ನನ್ನ ಮಗಳ ಮುಖ ಸುಟ್ಟೋನು ನಾನೇ!"

"ಹಂಗಾದ್ರೆ ಈಗ?"

"ನಿನ್ನ ಮನೆ ಮುಂದ್ಗಡೆ ಗೋಡೆಗೆ ಸುಣ್ಣ ಹೊಡಿ. ಪೇಂಟ್ ಬೇಡ, ಹೊಳೀತೈತೆ. ಫ್ಲ್ಯಾಶೂ ಬೇಡ, ಬಿಸಿಲೂ ಬೇಡ. ಇಟಲಿ ಮಗನ ಪಾಲು ಐತಲ್ಲ, ಬೆಳಗಿನ ಜಾವ, ಅಷ್ಟು ಸಾಕು."

ನನ್ನ ಹೆಂಡತಿ ಹಾರಾಡಿದಳು. "ಊರಿಗೆಲ್ಲಾ ಪೇಂಟ್ ಹೊಡೆಯೋ ಮನುಷ್ಯ, ಮಗಳ ಮದುವೆಗೆ ಮನೆಗೆ ಸುಣ್ಣ ಹೊಡೀತಾನಂತೆ! ಬೀಗರು ನಗಲ್ವಾ?" ನಗಲಿ. ಕಲ್ಲುಸುಣ್ಣ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಅಂಟು ಬೆರೆಸಿ ನಾನೇ ಹೊಡೆದೆ. ಎಂದಿನಂತೆ ನೀಲಿ ಬೆರೆಸಲು ಹೋದರೆ ಮಾವ ಕೈ ಹಿಡಿದರು: "ಬ್ಯಾಡ, ಅವಳ ಮುಖಕ್ಕೆ ಬರ್ತೈತೆ." ಒಣಗಿದಮೇಲೆ ನೋಡಿದೆ. ಇಷ್ಟು ವರ್ಷದ ಕಸುಬಿನಲ್ಲಿ ಅಂಥ ಗೋಡೆ ನಾನು ಇನ್ನೊಂದು ಬಳಿದಿಲ್ಲ.

ಮದುವೆಯ ದಿನ ಕೋಳಿ ಕೂಗುವಾಗಲೇ ಮಗಳಿಗೆ ಅರಿಶಿಣದ ಸ್ನಾನವಾಯಿತು. ಬಾನು ಇನ್ನೂ ಬೂದಿ ಬಣ್ಣ. ಒದ್ದೆ ಕೂದಲಿನ ಮದುಮಗಳು ಗೌರಿಯ ಕೈ ಹಿಡಿದು ಎಳೆದುಕೊಂಡು ಬಂದು ಗೋಡೆಯ ಮುಂದೆ ನಿಂತಳು. ಜಗಳೂರಿನ ನೆಂಟರೂ ಎದ್ದು ಬಂದು ಚಪ್ಪರದ ಕೆಳಗೆ ನಿಂತು ನೋಡುತ್ತಿದ್ದರು. ಗೌರಿ ಕಪ್ಪು ಕನ್ನಡಕ ತೆಗೆದಳು. ಆ ಹೊತ್ತಿನ ಬೆಳಕಿಗೆ ಅವಳ ಕಣ್ಣು ಪೂರ್ತಿ ತೆರೆದಿದ್ದವು.

ಮಾವ "ಗದ್ದ ಇಳಿಸು" ಅನ್ನಲಿಲ್ಲ. ಒಂದೇ ಒಂದು ಸಲ ಒತ್ತಿದರು. ಬಂದ ಚಿತ್ರವನ್ನು ತಾವು ನೋಡಲಿಲ್ಲ; ಸೀದಾ ಹೋಗಿ ಮಗಳ ಕೈಗೆ ಕ್ಯಾಮೆರಾ ಕೊಟ್ಟರು.

ಗೌರಿ ಮೂಗು ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. ನೋಡುತ್ತಲೇ ಇದ್ದಳು.

"ಅಪ್ಪಾ," ಎಂದಳು, "ನಂಗೆ ರೆಪ್ಪೆ ಅದಾವೆ!"

ಅಷ್ಟು ಭಾಷೆಗಳಲ್ಲಿ ನೆಂಟರಿದ್ದ ಮನುಷ್ಯನಿಗೆ ಒಂದು ಪದವೂ ಸಿಗಲಿಲ್ಲ.

"ಇಲ್ನೋಡು, ಹುಬ್ಬೂ ಐತೆ. ಅವ್ವನ ಹುಬ್ಬು ಇದ್ದಂಗೇ ಐತೆ."

ಅಷ್ಟರಲ್ಲಿ ಹೊಳೆಯ ಕಡೆಯಿಂದ ಮೊದಲ ಬಿಸಿಲು ಗೋಡೆಗೆ ಬಿತ್ತು. ಗೌರಿ ಕಣ್ಣು ಕಿರಿದು ಮಾಡಿ ಮುಖ ತಿರುಗಿಸಿದಳು. ಇತ್ತ ಗಂಡಿನ ದಿಬ್ಬಣ ಬಂತೆಂದು ಗದ್ದಲ, "ಫೋಟೋದೋರು ಎಲ್ಲಿ, ಫೋಟೋದೋರು ಎಲ್ಲಿ?" ಎಂದು ಕೂಗು. ಬೆಳಕಿನ ಹಿಂದೆ ಬಿದ್ದು ಬದುಕು ಸವೆಸಿದ ನನ್ನ ಮಾವ ಸ್ಟುಡಿಯೋದ ದೊಡ್ಡ ಬಿಳಿ ಛತ್ರಿಯನ್ನು ಬಿಚ್ಚಿ, ಮಗಳ ತಲೆಯ ಮೇಲೆ ಹಿಡಿದು ನಿಂತರು.

"ಕಾಯ್ಲಿ ಬಿಡೋ ಅಳಿಯ," ಎಂದರು. "ಅವಳು ನೋಡಿ ಮುಗೀಲಿ."