ಕಾವಲು ಜೀರುಂಡೆಯ ದನಿ

ಎಲ್ಲಕ್ಕೂ ಕಾರಣ ಅರ್ಧ ಚಮಚ ಎಣ್ಣೆ.

ಅವನು ಸ್ಟುಡಿಯೋದಲ್ಲಿ ಸದ್ದು ಮಾಡುವ ಕೆಲಸದವನು. ತೆರೆಯ ಮೇಲೆ ಬೆಂಕಿ ಉರಿದರೆ ಇವನು ಕಾಗದ ಮುದುರಬೇಕು, ಹಿಮದಲ್ಲಿ ಯಾರಾದರೂ ನಡೆದರೆ ಹಿಟ್ಟಿನ ಚೀಲ ಹಿಸುಕಬೇಕು. ಓಣಿಯವರು ಅವನನ್ನು ‘ಸದ್ದಪ್ಪ’ ಎನ್ನುತ್ತಿದ್ದರು. ಆ ಕೆಲಸಕ್ಕೆ ಒಂದು ಕಟ್ಟುಪಾಡಿತ್ತು: ಯಾವ ಸದ್ದು ಯಾವುದರಿಂದ ಹುಟ್ಟಿತೆಂದು ಹೊರಗೆ ಹೇಳಕೂಡದು. ಅವನು ಹೆಂಡತಿಗೂ ಹೇಳಿದವನಲ್ಲ, ಅವಳೂ ಕೇಳಿದವಳಲ್ಲ.

ಈ ಸಲ ಬಂದದ್ದು ಕಾವಲು ಜೀರುಂಡೆಯ ಕತೆ. ಮಕ್ಕಳೆಲ್ಲರಿಗೂ ಗೊತ್ತಿರುವ ಕತೆ. ಇರುವೆಗಳ ಊರಿಗೆ ಒಂದು ಜೀರುಂಡೆ ಕಾವಲು. ಅದು ಕೂಗುತ್ತಿರುವವರೆಗೆ ಇರುವೆಗಳು ನಿಶ್ಚಿಂತೆಯಿಂದ ಮಲಗುತ್ತವೆ. ಕೂಗು ನಿಂತರೆ ಊರಿಗೆ ಊರೇ ಎದ್ದು ಕೂರುತ್ತದೆ. ಐವತ್ತು ವರ್ಷದ ಹಿಂದೆ ಅದು ಕಪ್ಪುಬಿಳುಪು ಚಿತ್ರವಾಗಿತ್ತು, ಆಮೇಲೆ ಧಾರಾವಾಹಿ, ಈಗ ಕಾರ್ಟೂನು. ಸಂಜೆ ಐದರೊಳಗೆ ಜೀರುಂಡೆಯ ದನಿ ಕೊಡದಿದ್ದರೆ ಸದ್ದಪ್ಪನ ಜಾಗದಲ್ಲಿ ಕಂಪ್ಯೂಟರ್ ಕೂರುವುದೆಂದು ನಿರ್ದೇಶಕರು ಹೇಳಿಬಿಟ್ಟಿದ್ದರು.

ಬೆಳಗ್ಗೆಯೇ ಬಚ್ಚಲ ಹಿಂದೆ ಒಂದು ಜೀರುಂಡೆ ಹಿಡಿದು, ಬಾಟಲಿಗೆ ಹಾಕಿ, ಕಪ್ಪು ಬಟ್ಟೆ ಹೊದಿಸಿ, ನಡುಮನೆಯಲ್ಲಿ ಮೈಕ್ ಇಟ್ಟು ಕೂತ. ಮೂಲೆಯ ಕುರ್ಚಿಯಲ್ಲಿ ಮಾವ ಗೊರಕೆಯಿಲ್ಲದೆ ನಿದ್ದೆ ಮಾಡುತ್ತಿದ್ದರು. ಅವರು ಅದೇ ಸ್ಟುಡಿಯೋದ ಹಳೆಯ ಬಡಗಿ. ನಿವೃತ್ತಿಯಾದ ಮೇಲೆ ನಿದ್ದೆಯನ್ನೇ ಉದ್ಯೋಗ ಮಾಡಿಕೊಂಡಿದ್ದರು.

ಜೀರುಂಡೆ ಗಂಟಲು ಸರಿಮಾಡಿಕೊಂಡಂತೆ ಕೂಗಲು ಶುರುಮಾಡಿತು. ಅಷ್ಟರಲ್ಲಿ ಬೀದಿಬಾಗಿಲು ಕಿರ್ರೆಂದಿತು. ಮೇಲ್ಮನೆಯ ಟೀಚರಮ್ಮ.

“ಹುಳ ಸಾಕಿದೀಯಂತೆ? ಅದಕ್ಕೆ ತಿನ್ನೋಕೆ ಏನು ಕೊಟ್ಟೆ?”

“ಸಾಕಿಲ್ಲ ಟೀಚರಮ್ಮ, ರೆಕಾರ್ಡ್ ಮಾಡ್ತಿದೀನಿ.”

“ಹಸಿದ ಹೊಟ್ಟೇಲಿ ಯಾರು ಹಾಡ್ತಾರೆ?” ಎಂದು ಆಕೆ ಹೋದರು, ಕಿರ್ರ್. ಸೊಪ್ಪು ಹಿಡಿದು ಬಂದರು, ಕಿರ್ರ್. ಅವರ ಹಿಂದೆಯೇ ಎದುರುಮನೆಯ ಬೀಗ ರಿಪೇರಿಯವನು.

“ಅಣ್ಣಾ, ಸ್ವಲ್ಪ ಸುಮ್ನಿರಿ,” ಎಂದು ಸದ್ದಪ್ಪ ಕೈಮುಗಿದ.

“ನಾನೆಲ್ಲಿ ಮಾತಾಡ್ದೆ? ನಿಮ್ಮ ಬಾಗಿಲು ಮಾತಾಡ್ತಿರೋದು. ನೀನು ಈ ಮನೆ ಅಳಿಯ ಆದ ದಿನದಿಂದ ಹೇಳ್ತಿದೀನಿ, ಬಾಗಿಲ ಕೀಲುಗಳಿಗೆ ಎಣ್ಣೆ ಬಿಡು ಅಂತ.”

ಏಳು ಸಲ ರೆಕಾರ್ಡ್ ಮಾಡಿದ. ಏಳರಲ್ಲೂ ಜೀರುಂಡೆಗಿಂತ ಬಾಗಿಲೇ ಮುಂದೆ. ಏಳನ್ನೂ ಅಳಿಸಿ, ಕೀಲುಗಳಿಗೆ ಅರ್ಧ ಚಮಚ ಎಣ್ಣೆ ಬಿಟ್ಟ. ಎಂಟನೆಯದು ಕನ್ನಡಿಯ ಹಾಗೆ ಬಂತು.

ಸ್ಟುಡಿಯೋದಲ್ಲಿ ನಿರ್ದೇಶಕರು ಕಣ್ಣು ಮುಚ್ಚಿ ಕೇಳಿದರು.

“ಏನಿದು?”

“ಜೀರುಂಡೆ ಸರ್.”

“ಜೀರುಂಡೆ ಹೀಗೆ ಕೂಗಲ್ಲ.”

“ಇದು ನಿಜವಾದ್ದು ಸರ್.”

“ಅದಕ್ಕೇ ಇರಬೇಕು.” ಅವರು ಹಳೆಯ ಚಿತ್ರ ಹಾಕಿ ತೋರಿಸಿದರು. ಸಣ್ಣಗೆ ಶುರುವಾಗಿ, ಉದ್ದಕ್ಕೆ ಎಳೆದು, ಕೊನೆಯಲ್ಲಿ ಯಾರನ್ನೋ ವಿಚಾರಿಸುವಂತೆ ಏರುವ ದನಿ. “ಜೀರುಂಡೆ ಅಂದ್ರೆ ಇದು. ನಾವೆಲ್ಲ ಇದನ್ನ ಕೇಳಿ ಬೆಳೆದವರು. ಈ ಚಿತ್ರದ ಹಕ್ಕು ಬೇರೆಯವರದು, ಇದರಿಂದ ಎತ್ತೋ ಹಾಗಿಲ್ಲ. ಹೀಗೇ ಮಾಡಿಡಿ. ಐದಕ್ಕೆ ನಾನೇ ನಿಮ್ಮನೆಗೆ ಬಂದು ಕೇಳ್ತೀನಿ.”

ಆ ದನಿಯನ್ನು ದಿನವೂ ಕೇಳಿದಂತೆ ಅವನಿಗೆ ಅನಿಸಿತು. ಚಿಕ್ಕಂದಿನ ನೆನಪು ಇರುವುದೇ ಹೀಗೆ ಎಂದುಕೊಂಡು ಬಾಚಣಿಗೆ ಕೆರೆದ, ಬಲೂನು ತಿಕ್ಕಿದ, ಒದ್ದೆ ಗಾಜಿನ ಮೇಲೆ ಬೆರಳು ಎಳೆದ. ಒಂದೂ ಒದಗಲಿಲ್ಲ. ನಾಲ್ಕಕ್ಕೆ ಸೋತು ಮನೆಗೆ ಬಂದ.

ಮಾವ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು, ಕಣ್ಣು ಬಿಟ್ಟುಕೊಂಡು.

“ಏನು ಮಾವಾ, ಎದ್ದಿದೀರಿ?”

“ನಿದ್ದೆ ಹತ್ತಲಿಲ್ಲ. ಮನೇಲಿ ಏನೋ ಸರಿಯಿಲ್ಲ. ಆ ಬಾಗಿಲು ಯಾಕೆ ಸುಮ್ಮನಿದೆ?”

“ನಾನೇ ಎಣ್ಣೆ ಬಿಟ್ಟೆ.”

ಮಾವ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, “ಐವತ್ತು ವರ್ಷ ಯಾರಿಗೂ ಹೇಳಿಲ್ಲ. ನಿಮ್ಮ ಹಳೇ ಸದ್ದಿನ ಮೇಷ್ಟ್ರಿಗೆ ಮಾತು ಕೊಟ್ಟಿದ್ದೆ,” ಎಂದರು.

“ಏನಂತ?”

“ಇದು ಸ್ಟುಡಿಯೋ ಬಾಗಿಲು. ಹಳೇ ಕಟ್ಟಡ ಕೆಡವಿದಾಗ ಕೀಲು ಸಮೇತ ಹೊತ್ಕೊಂಡು ಬಂದೆ. ಆ ಕಪ್ಪುಬಿಳುಪು ಚಿತ್ರದಲ್ಲಿ ಜೀರುಂಡೆಯಾಗಿ ಕೂಗಿದ್ದು ಇದೇ.”

ಸದ್ದಪ್ಪ ಸೋಪು, ಬಿಸಿನೀರು ಹಿಡಿದು ಬಾಗಿಲಿಗೆ ಓಡಿದ. ಎಣ್ಣೆ ತಾನೇ, ತೊಳೆದರೆ ಹೋದೀತು. ಹೊಸ್ತಿಲಲ್ಲಿ ಬೀಗದವನು ಮದುವೆ ಮನೆಯ ಯಜಮಾನನಂತೆ ನಿಂತಿದ್ದ.

“ತೊಳೆಯೋದೇನೂ ಬೇಡ. ಎಣ್ಣೆ ಎಷ್ಟು ದಿನ ಇರತ್ತೆ? ನೀನು ಅತ್ತ ಹೋದ್ಮೇಲೆ, ನಿಮ್ಮ ಮಾವ ಊಟಕ್ಕೆ ಒಳಗೆ ಹೋಗಿದ್ದಾಗ, ನಾನೇ ಹಳೇ ಕೀಲು ಕಿತ್ತು ಹೊಸದು ಹಾಕ್ದೆ. ಎದುರುಮನೆಯವನಾಗಿ ಅಷ್ಟೂ ಮಾಡದಿದ್ರೆ ಹೇಗೆ?”

“ಹಳೇದು?”

“ಗುಜರಿ ಗಾಡೀಗೆ. ಮಧ್ಯಾಹ್ನವೇ ಹೋಯ್ತು.”

ಮೂವರೂ ನಡುಮನೆಯಲ್ಲಿ ಕೂತರು. ಬಾಟಲಿಯೊಳಗೆ ಜೀರುಂಡೆ ಸೊಪ್ಪು ತಿಂದು ಮನಸಾರೆ ಕೂಗುತ್ತಿತ್ತು. ಯಾರಿಗೂ ಅದು ಬೇಕಿರಲಿಲ್ಲ.

ಐದಕ್ಕೆ ನಿರ್ದೇಶಕರು ಬಂದರು. ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಬಾಟಲಿ ಫಕ್ಕನೆ ಸುಮ್ಮನಾದಾಗ ಮೂವರೂ ತಲೆ ಎತ್ತಿದರು.

“ಬಾಗಿಲು ಅಂದ್ರೆ ಹೀಗಿರಬೇಕು,” ಎಂದರು ಅವರು, ಅದನ್ನು ಎರಡು ಸಲ ಹಿಂದೆ ಮುಂದೆ ಆಡಿಸಿ. “ಒಂಚೂರೂ ಸದ್ದಿಲ್ಲ. ಸರಿ, ಎಲ್ಲಿ ಜೀರುಂಡೆ?”