ಎಳ್ಳಮವಾಸ್ಯೆಗೆ ಹೊರಟ ಟ್ರೇಲರ್

"ಈ ವರ್ಷ ಎಳ್ಳಮವಾಸಿಗೆ ಯಾರ ಎತ್ತಿನ ಗಾಡೀನೂ ಬೇಡೂದಿಲ್ಲ! ಹೊಲಕ್ಕ ಬುತ್ತಿ ನಾನೇ ಒಯ್ತೀನಿ. ನನ್ನ ಬೈಕಿನ ಹಿಂದ, ನಾನೇ ಮಾಡಸೋ ಗಾಡ್ಯಾಗ!"

ನಾನು ಹೀಗೆ ಘೋಷಿಸಿದಾಗ ಪಡಸಾಲೆಯಲ್ಲಿ ನಾಲ್ಕು ಜನರಿದ್ದರು. ಅವ್ವ ಜಿಜಾಬಾಯಿ ಕಾಳು ಆರಿಸುತ್ತಿದ್ದಳು. ಅಪ್ಪ ಮಡೆಪ್ಪ ಹಗ್ಗ ಹೊಸೆಯುತ್ತಿದ್ದ. ಹೆಂಡತಿ ಉಮಾದೇವಿ ಫೋನಿನಲ್ಲಿ ಮುಳುಗಿದ್ದಳು. ನಾಲ್ಕನೆಯವನು ನಾನು. ನನ್ನ ಮಾತಿಗೆ ರೋಮಾಂಚನಗೊಂಡವನೂ ನಾನೊಬ್ಬನೇ!

ನಮ್ಮದು ಬಸವಕಲ್ಯಾಣ ತಾಲೂಕಿನ ಕೊಹಿನೂರ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಮನುಷ್ಯ ನಾನು. ಹತ್ತಿದವನು ಇಳಿಯಲೇ ಇಲ್ಲ, ಎಂ.ಎಸ್ಸಿ. ಮುಗಿಸಿ ಹುಮನಾಬಾದಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಅಪ್ಪನಿಗೆ ವಯಸ್ಸಾಯಿತೆಂದು ಎತ್ತುಗಳನ್ನು ಕೊಟ್ಟು ಎರಡು ವರ್ಷವಾಯಿತು. ಹೋದ ವರ್ಷ ನಮ್ಮ ಹಬ್ಬದ ಬುತ್ತಿ ಪಕ್ಕದ ಹೊಲದ ಲಾಲಪ್ಪ ಕಾಕಾನ ಗಾಡಿಯಲ್ಲಿ ಹೋಗಿತ್ತು. ಆ ಗಾಡಿಯೋ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಮೂರು ಗಂಟೆಗೆ ಬಂತು. ಅಷ್ಟರೊಳಗೆ ಹುಮನಾಬಾದಿನಿಂದ ಬಂದಿದ್ದ ನಮ್ಮ ಬೀಗರು ಹೊಲದಲ್ಲಿ ಕೂತು ಕೂತು ಸೊರಗಿದ್ದರು. ನನ್ನ ಅತ್ತೆ ಮಾಣಿಕಮ್ಮನವರು, "ನಿಮ್ಮ ಕಡಿ ಹಬ್ಬದಾಗ ಹಸಿವು ಭಾಳ ಚಲೋ ಇರ್ತದ್ರಿ ಬೀಗತಿ" ಎಂದು ನಕ್ಕಿದ್ದರು. ಅವರು ನಕ್ಕು ಮರೆತರು. ಅವ್ವ ಮರೆಯಲಿಲ್ಲ.

"ಈ ಸಲ ಬೀಗತಿ ಕಾರಿನಿಂದ ಕಾಲು ಕೆಳಗ ಇಡೂದ್ರೊಳಗ ನನ್ನ ಭಜ್ಜಿ ಹೊಲದಾಗ ಇರಬೇಕು ನೋಡಪಾ" ಎಂದಳು.

ಇರಬೇಕು ಎಂದರೆ ಇರುತ್ತದೆ! ನಾನು ಹುಮನಾಬಾದಿನ ಗಯಾಸುದ್ದೀನ್ ಭಾಯಿಯ ವೆಲ್ಡಿಂಗ್ ಅಂಗಡಿಗೆ ಗ್ರಾಫ್ ಹಾಳೆಯ ನಕ್ಷೆ ಹಿಡಿದು ಹೋದೆ. ಅದರಲ್ಲಿ ಬಾಣದ ಗುರುತುಗಳೇ ಹದಿನೇಳು. ಭಾಯಿ ಅದನ್ನು ಮೊದಲು ತಲೆಕೆಳಗೆ ಹಿಡಿದರು, ಆಮೇಲೆ ನೆಟ್ಟಗೆ ಹಿಡಿದರು, ಕೊನೆಗೆ ಅದರ ಮೇಲೆ ಚಹಾದ ಕಪ್ಪು ಇಟ್ಟರು.

"ಸರ್, ಗಾಲಿ ಸ್ವಲ್ಪ ಹಿಂದಕ್ಕ ಹಾಕೂಣೇನು?"

"ಬ್ಯಾಡ ಭಾಯಿ, ನಟ್ಟ ನಡುವ ಇರಲಿ. ಸಮತೋಲನ!"

"ನಿಮ್ಮ ಮರ್ಜಿ ಸಾಬ್. ಆದ್ರ ಇದನ್ನ ದೊಡ್ಡ ರೋಡಿಗೆ ಮಾತ್ರ ತರಬ್ಯಾಡ್ರಿ. ಪೊಲೀಸರು ನಿಮಗ ಬಿಟ್ಟಾರು, ನನಗ ಬಿಡಂಗಿಲ್ಲ."

ಎರಡು ಹಳೆಯ ಸ್ಕೂಟರ್ ಗಾಲಿ, ಕಬ್ಬಿಣದ ಚೌಕಟ್ಟು, ಹಲಗೆಯ ತಳ, ಮುಂದೆ ಉದ್ದನೆಯ ಕಂಬಿ, ಕಂಬಿಯ ತುದಿಗೆ ಬೈಕಿನ ಹಿಂಬದಿಗೆ ಸಿಕ್ಕಿಸುವ ಕೊಂಡಿ. ಗಾಡಿ ಸಿದ್ಧವಾಯಿತು. ಆದರೆ ನನ್ನ ಕಲಾಹೃದಯ ಅಷ್ಟಕ್ಕೇ ಸುಮ್ಮನಾದೀತೇ? ನೀಲಿ ಬಣ್ಣ ಹೊಡೆಸಿದೆ. ಎರಡೂ ಬದಿಗೆ ಎತ್ತಿನ ಕೊಂಬಿನ ಗೊಂಡೆ ಕಟ್ಟಿದೆ. ಗಡಿಗೆಗಳು ಅಲುಗದಂತೆ ಕಬ್ಬಿಣದ ಬಳೆ ಕೂರಿಸಿದೆ. ಹಿಂದಿನ ಹಲಗೆಯ ಮೇಲೆ "ಮಾತೃಕೃಪೆ" ಎಂದು ಬರೆಸಿದೆ. ದೊಡ್ಡ ರಸ್ತೆ ನಿಷಿದ್ಧವಲ್ಲವೇ? ಟೆಂಪೊ ಮಾಡಿ ಊರಿಗೆ ತಂದೆ. ಸಾಮಾನು ಹೊರುವ ಗಾಡಿಯನ್ನು ಹೊರಲು ಇನ್ನೊಂದು ಗಾಡಿ!

ಉಮಾದೇವಿ ಸುತ್ತಲೂ ತಿರುಗಿ ನೋಡಿದಳು. "ಅತ್ತಿಯವರ ಕೃಪಾ ಏನೋ ಅದ. ಬ್ರೇಕ್ ಎಲ್ಲಿ ಅದ್ರೀ?"

"ಬೈಕಿಗೆ ಅದ ಅಲ್ಲ!"

"ಹಂಗಾದ್ರ ಕೃಪಾನೇ ಗತಿ" ಎಂದು ಒಳಗೆ ಹೋದಳು.

ಅಮವಾಸ್ಯೆ ಬಂತು. ಅವ್ವ ಎರಡು ದಿನದಿಂದ ಒಲೆ ಬಿಟ್ಟು ಕದಲಿರಲಿಲ್ಲ. ಹಸಿ ತೊಗರಿ, ಅವರೆ, ಕಡಲೆ, ಶೇಂಗಾ, ಹತ್ತು ಬಗೆಯ ಸೊಪ್ಪು, ಬಾರೆಹಣ್ಣು ಎಲ್ಲವನ್ನೂ ಕಡಲೆಹಿಟ್ಟಿನಲ್ಲಿ ಕುದಿಸಿದ ಒಂದು ಗಡಿಗೆ ಭಜ್ಜಿ. ಬೆಳ್ಳುಳ್ಳಿ ಒಗ್ಗರಣೆಯ ಒಂದು ಗಡಿಗೆ ಅಂಬಲಿ. ಒಂದು ಬುಟ್ಟಿ ಸಜ್ಜೆ ರೊಟ್ಟಿ. ಜೊತೆಗೆ ಒಂದು ಡ್ರಮ್ ನೀರು. ನಾನು ನಿಂತು ಹೇರಿಸತೊಡಗಿದೆ.

"ಭಾರದ್ದು ಮುಂದ ಇಡಪಾ ಪ್ರೇಮ" ಎಂದ ಅಪ್ಪ. "ಹಿಂದ ಇಟ್ರ ಉಲಾಳ ಆಗ್ತದ."

ಉಲಾಳ ಎಂದರೆ, ಹಿಂದಿನ ಭಾರಕ್ಕೆ ಗಾಡಿಯ ಮೂತಿ ಮುಗಿಲು ನೋಡುವುದು. ಗಾಡಿ ಹೊಡೆದ ಎಲ್ಲರಿಗೂ ಗೊತ್ತಿರುವ ಸಂಗತಿ. ನಾನು ಗಾಡಿ ಹೊಡೆದವನಲ್ಲ, ಓದಿದವನು!

"ಅಪ್ಪಾ, ಎತ್ತಿನ ಕಾಲ ಮುಗೀತು. ಮುಂದ ಭಾರ ಹಾಕಿದ್ರ ಬೈಕಿನ ಟಾಯರಿಗೆ ಪೆಟ್ಟು. ಇದು ಸೈನ್ಸ್."

"ಹೌದೇನು? ಆಗ್ಲಿ ಬಿಡು."

ಅಪ್ಪ ಉಮಾದೇವಿಯ ಬಳಿ ಹೋಗಿ ಮೆಲ್ಲಗೆ ಏನೋ ಹೇಳಿ, ಅವ್ವನ ಜೊತೆ ಕಾಲುದಾರಿ ಹಿಡಿದು ಮುಂದೆ ನಡೆದ. ನಾನು ಡ್ರಮ್ಮನ್ನೂ ಗಡಿಗೆಗಳನ್ನೂ ಹಿಂದಿನ ತುದಿಗೆ ಕೂರಿಸಿ, ಹೆಂಡತಿಯನ್ನು ಬೈಕಿನ ಹಿಂದಿನ ಸೀಟಿಗೆ ಕೂರಿಸಿ ಹೊರಟೆ.

ಏನು ಗತ್ತು! ಏನು ಗಾಂಭೀರ್ಯ! ಬಿಳಿಜೋಳದ ತೆನೆಗಳು ತಲೆಬಾಗಿದ್ದು ನನಗೇ ಎಂದುಕೊಂಡೆ. ತನ್ನ ಹೊಲದ ಬದುವಿನಿಂದ ನೆರೆಯ ಸಖುಬಾಯಿ ಕೂಗಿದಳು:

"ಏ ಪ್ರೇಮ್ಯಾ, ನಿನ್ನ ಬೈಕಿಗೆ ಬಾಲ ಬಂದದಲ್ಲೋ!"

"ಟ್ರೇಲರ್ ಚಿಗವ್ವಾ, ಟ್ರೇಲರ್!"

ಹಳ್ಳದ ತನಕ ಎಲ್ಲ ಸುಗಮ. ಹಳ್ಳ ದಾಟಿದ ಮೇಲೆ ಕಡಿದಾದ ಏರು. ಅದರಾಚೆಯೇ ನಮ್ಮ ಹೊಲ. ಬೈಕ್ ಏದುಸಿರು ಬಿಟ್ಟಿತು.

"ಉಮಾ, ಇಳಿ. ಭಾರ ಕಡಿಮಿ ಆಗ್ಲಿ."

"ಏರಿನ್ಯಾಗ ಮಾತ್ರ ಇಳೀಬ್ಯಾಡ ಅಂತ ಮಾವ ಹೇಳ್ಯಾರ್ರೀ."

"ನಿನ್ನ ಮಾವಗ ಬೈಕಿಂದೇನು ಗೊತ್ತು? ಅರವತ್ತು ಕೇಜಿ ಇಳದ್ರ ಸಲೀಸಾಗಿ ಹತ್ತತದ."

"ಐವತ್ತೆಂಟು!" ಎಂದು ಸಿಡುಕಿ ಇಳಿದೇಬಿಟ್ಟಳು.

ಬೈಕಿನ ಹಿಂಬದಿಯನ್ನು ನೆಲಕ್ಕೆ ಒತ್ತಿ ಹಿಡಿದಿದ್ದದ್ದು ಆ ಐವತ್ತೆಂಟು ಕೇಜಿಯೇ ಎಂಬುದು ಲೋಕದಲ್ಲಿ ಇಬ್ಬರಿಗೆ ಗೊತ್ತಿತ್ತು: ನನ್ನ ಅಪ್ಪನಿಗೆ ಮತ್ತು ಭೂಮಿಯ ಗುರುತ್ವಾಕರ್ಷಣೆಗೆ. ಡ್ರಮ್ಮಿನ ನೀರು ಹಿಂದಕ್ಕೆ ಜಗ್ಗಿತು, ಟ್ರೇಲರಿನ ಮೂತಿ ಎದ್ದಿತು, ಅದರ ಜೊತೆ ನನ್ನ ಹಿಂದಿನ ಚಕ್ರವೂ ಎದ್ದು ಗಾಳಿಯಲ್ಲಿ ಗಿರಗಿರ ತಿರುಗಿತು. ಎಂಜಿನ್ನಿಗೆ ಬಲ ಸಾಲದೆಂದು ತಿಳಿದು ಇನ್ನಷ್ಟು ಗ್ಯಾಸ್ ಕೊಟ್ಟೆ. ಟಣ್ ಎಂದಿತು. ಒಮ್ಮೆಲೇ ಬೈಕ್ ಹೂವಿನಂತೆ ಹಗುರಾಗಿ ಬಾಣದಂತೆ ಏರು ಹತ್ತಿತು. ನೋಡಿದಿರಾ, ಐವತ್ತೆಂಟು ಕೇಜಿ ಇಳಿದದ್ದರ ಮಹಿಮೆ!

ಏರಿನ ನೆತ್ತಿಯಲ್ಲಿ ಅವ್ವ, ಅಪ್ಪ ನಿಂತಿದ್ದರು. ನಾನು ಗಕ್ಕನೆ ನಿಲ್ಲಿಸಿ ಎದೆಯುಬ್ಬಿಸಿ ಹೇಳಿದೆ: "ಬಂತು ನೋಡವ್ವಾ ನಿನ್ನ ಭಜ್ಜಿ!"

ಅವ್ವ ನನ್ನ ಹಿಂದೆ ನೋಡಿದಳು. ನಾನೂ ನೋಡಿದೆ. ಹಿಂದೆ ಬರೀ ಕಂಬಿ ಕಳಚಿದ ಕೊಂಡಿ ತೂಗಾಡುತ್ತಿತ್ತು.

ಟ್ರೇಲರ್ ಹಳ್ಳದಲ್ಲಿ ಬೋರಲು ಬಿದ್ದು ಗಾಲಿ ತಿರುಗಿಸುತ್ತಿತ್ತು. ಅಂಬಲಿ ಹಳ್ಳವನ್ನು ಬೆಳ್ಳಗೆ ಮಾಡಿತ್ತು. ರೊಟ್ಟಿಗಳು ಒಂದರ ಹಿಂದೊಂದು ತೇಲುತ್ತಾ ಪಕ್ಕದೂರಿನ ದಾರಿ ಹಿಡಿದಿದ್ದವು. ಭಜ್ಜಿಯ ಗಡಿಗೆ ಒಡೆದು, ಒಂದು ಅಂಗೈಯಗಲದ ಚೂರಿನಲ್ಲಿ ಎರಡು ತುತ್ತು ಮಾತ್ರ ಉಳಿದಿತ್ತು. ಉಮಾದೇವಿ ಸೆರಗು ಬಾಯಿಗೆ ಒತ್ತಿ ನಿಂತಿದ್ದಳು. ನಗುವೋ ಅಳುವೋ, ಕೇಳುವ ಧೈರ್ಯ ನನಗಿರಲಿಲ್ಲ. ಅದೇ ಹೊತ್ತಿಗೆ ಹೊಲದ ಆಚೆ ಕಡೆಯಿಂದ ಕಾರಿನ ಹಾರ್ನ್ ಕೇಳಿಸಿತು. ಬೀಗರು!

ಅವ್ವ ಬೈದಿದ್ದರೆ ಬದುಕುತ್ತಿದ್ದೆ. ಅವಳು ಹಳ್ಳಕ್ಕಿಳಿದು ಆ ಚೂರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊಲಕ್ಕೆ ನಡೆದಳು. ಎರಡು ದಿನದ ದುಡಿಮೆ ಅವಳ ಅಂಗೈಯಲ್ಲಿತ್ತು. ನನ್ನ ಎಂ.ಎಸ್ಸಿ. ಆಗ ನನಗೇ ಬೇಡವಾಯಿತು.

ಆದರೆ ಎಳ್ಳಮವಾಸ್ಯೆಯ ದಿನ ನಮ್ಮ ಸೀಮೆಯಲ್ಲಿ ಒಬ್ಬನೂ ಹಸಿದು ಹೋಗುವಂತಿಲ್ಲ. ದಾರಿಹೋಕರನ್ನೂ ಕೈಹಿಡಿದು ಉಣ್ಣಿಸುವ ದಿನ ಅದು. ಸಖುಬಾಯಿ ಎಲ್ಲ ನೋಡಿದ್ದಳು. ಅವಳ ಬಾಯಿಯ ಮುಂದೆ ಮೈಕು ಏನು ಮಹಾ! ಅರ್ಧ ಗಂಟೆಯೊಳಗೆ ಅವಳ ಮನೆಯ ಭಜ್ಜಿ, ಲಾಲಪ್ಪ ಕಾಕಾನ ಕಡುಬು, ಧಮ್ಮಪಾಲ ಮಾಸ್ತರರ ಮನೆಯ ರೊಟ್ಟಿ, ಇನ್ನೂ ಎರಡು ಹೊಲಗಳ ಅಂಬಲಿ ನಮ್ಮ ಬೇವಿನ ಮರದ ಕೆಳಗೆ ಬಂದು ಕೂತವು. "ಜಿಜಕ್ಕಾ, ನಿಮ್ಮ ಬೀಗರು ನಮಗೂ ಬೀಗರೇ" ಎಂದ ಲಾಲಪ್ಪ ಕಾಕಾ. ಕಾಕಾನ ಗಾಡಿಯ ಬಗ್ಗೆ ವರ್ಷವಿಡೀ ಆಡಿಕೊಂಡಿದ್ದ ನನಗೆ ಆ ಕಡುಬು ಗಂಟಲಲ್ಲಿ ಇಳಿಯಲಿಲ್ಲ, ಎರಡನೆಯದು ಇಳಿಯಿತು.

ಎಲ್ಲರ ಊಟ ಮುಗಿದ ಮೇಲೆ ಮಾಣಿಕಮ್ಮನವರು ಕೇಳಿಯೇಬಿಟ್ಟರು: "ಬೀಗತಿಯವರ, ಇದ್ರಾಗ ನಿಮ್ಮ ಭಜ್ಜಿ ಯಾವುದ್ರೀ?"

ಅವ್ವ ನಾಚುತ್ತ ಆ ಚೂರನ್ನು ಮುಂದಿಟ್ಟಳು. ಭೂಮಿತಾಯಿಗೆ ಎಡೆ ಮಾಡಿ ಉಳಿದದ್ದು ಒಂದೇ ತುತ್ತು. ಅತ್ತೆ ಬೆರಳಿಂದ ಬಳಿದು ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿದರು.

"ಅಯ್ಯ ಎವ್ವಾ! ಇದು ಮೊದಲೇ ಸಿಕ್ಕಿದ್ರ ಬ್ಯಾರೇದಕ್ಕ ಕೈ ಹಚ್ಚತಿದ್ದಿಲ್ಲ. ಮುಂದಿನ ವರ್ಷ ಒಂದಿನ ಮೊದಲೇ ಬಂದು ನಿಮ್ಮ ಒಲಿ ಮುಂದೇ ಕೂಡ್ತೀನಿ. ಅಳಿಯಂದ್ರ ಗಾಡಿಗಿ ಕಾಯಂಗಿಲ್ಲ!"

ಅವ್ವ ನಕ್ಕಳು. ಆ ನಗು ಕಂಡು ನಾನು ಐದೂ ಹೊಲಗಳ ಕಡೆ ತಿರುಗಿ ಮನಸ್ಸಿನಲ್ಲೇ ಕೈಮುಗಿದೆ.

ಸಂಜೆ ಅಪ್ಪ ಟ್ರೇಲರನ್ನು ಎತ್ತಿಸಿ, ಕಂಬಿ ಸಿಕ್ಕಿಸಿ, ಕೊಂಡಿಗೆ ಹಗ್ಗ ಬಿಗಿದ. ಹುಮನಾಬಾದಿನಲ್ಲಿ ತವರುಮನೆಯವರ ಅಂಗಡಿಯ ಬೈಕ್ ಓಡಿಸಿ ಬೆಳೆದ ಉಮಾದೇವಿ ಹ್ಯಾಂಡಲ್ ಹಿಡಿದಳು. ಅಪ್ಪ ಖಾಲಿ ಡ್ರಮ್ಮು, ಬುಟ್ಟಿ, ನೆರೆಯವರು ಕೊಟ್ಟ ಕಡಲೆ ಗಿಡದ ಹೊರೆ ಎಲ್ಲ ಹೇರಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿದ.

"ಮುಂದ ಇನ್ನ ಸ್ವಲ್ಪ ಭಾರ ಬೇಕು."

"ಕಲ್ಲು ಇಡೂಣೇನ್ರೀ ಮಾವ?" ಎಂದಳು ಉಮಾ.

"ಕಲ್ಲು ಯಾಕವ್ವಾ?" ಎಂದು ಅಪ್ಪ ನನ್ನ ಕಡೆ ತಿರುಗಿದ. "ಬಾರಪಾ ಪ್ರೇಮ, ಇಲ್ಲಿ ಕೂಡು. ಅಳ್ಳಾಡಬ್ಯಾಡ."