ಅಂಗೈ ತುಂಬ ಕಂಪಾಲಾ

"ಕಂಪಾಲಾದಾಗ ನಾಲ್ಕು ವರ್ಷ ಬಾಳೇವು ಮಾಡಿ ಬಂದ ಮನಷ್ಯಾಗ, ಈ ಲಂಡನ್ನಿನಾಗ ಒಬ್ಬ ಮುದುಕನ ಮನಸ್ಸು ಗೆಲ್ಲೂದು ಯಾವ ಮಹಾ ಕೆಲಸ?" ಎಂದು ನಾಗಲಿಂಗಪ್ಪ ಶನಿವಾರ ಸಂಜೆ ಕ್ವೀನ್ಸ್‌ಬರಿಯ ತನ್ನ ಬಾಡಿಗೆ ಮನೆಯ ನಡುಮನೆಯಲ್ಲಿ ನಿಂತು ಘೋಷಿಸಿದ. ಕೇಳುವುದಕ್ಕೆ ಇದ್ದವರು ಇಬ್ಬರು. ಹೆಂಡತಿ ರಜನಿ ಹಿತ್ತಲಿನಲ್ಲಿ ತಾನೇ ಬೆಳೆದ ಮೆಂತ್ಯದ ಸೊಪ್ಪನ್ನು ಮುಂದಿಟ್ಟುಕೊಂಡು ಬಿಡಿಸುತ್ತಿದ್ದಳು, ಮಗ ಅನಿಕೇತ ಟೀವಿ ನೋಡುತ್ತಿದ್ದ. ಇಬ್ಬರೂ ತಲೆ ಎತ್ತಲಿಲ್ಲ.

ಅವರದೇನೂ ತಪ್ಪಿಲ್ಲ. ಬಿಜಾಪುರದ ಕಡೆಯ ನಾಗಲಿಂಗಪ್ಪ ಲಂಡನ್ನಿಗೆ ಬರುವ ಮುಂಚೆ ಕಂಪಾಲಾದ ಒಂದು ಜನರೇಟರ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ. ಹೆಂಡತಿ, ಮಗ ಆಗ ಧಾರವಾಡದಲ್ಲೇ ಇದ್ದರು. ಹೀಗಾಗಿ ಅವನ ಕಂಪಾಲಾಕ್ಕೆ ಸಾಕ್ಷಿ ಹೇಳುವವರೇ ಇರಲಿಲ್ಲ, ಅದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಹೋಗಿತ್ತು. ಟ್ಯೂಬ್ ರೈಲಿನಲ್ಲಿ ಯಾರೂ ಮಾತಾಡದಿದ್ದರೆ, "ಅಲ್ಲಿ ಬಸ್ ಹತ್ತಿದ್ರ ಇಳಿಯೂದ್ರಾಗ ಬಾಜೂದಾಂವ ಬೀಗ ಆಗಿರ್ತಾನ" ಎನ್ನುತ್ತಿದ್ದ. ಮಳೆ ಜಿನುಗಿದರೆ, "ಇದೇನ್ ಮಳಿ? ಅಲ್ಲಿ ಬಂದ್ರ ಬಂತು, ಹೋದ್ರ ಹೋತು. ಹಿಂಗ ದಿನಾ ಅಳಕೋತ ಕೂಡೂದಿಲ್ಲ." ಬ್ರೀಫ್‌ಕೇಸ್ ತಬ್ಬಿಕೊಂಡು ಬಾಡಿಗೆ ಮೋಟಾರ್ ಸೈಕಲ್ಲಿನ ಹಿಂದೆ ಕೂತು, ಆ ಊರಿನ ಗುಡ್ಡಗಳನ್ನು ಕಣ್ಣು ಮುಚ್ಚಿಕೊಂಡೇ ಇಳಿದದ್ದು, ಕಸದ ತಿಪ್ಪೆಯ ಮೇಲೆ ಬೋಳುತಲೆಯ ದೊಡ್ಡ ಕೊಕ್ಕರೆಗಳು ರಿಟೈರ್ ಆದ ಹೆಡ್‌ಮಾಸ್ತರರ ಹಾಗೆ ನಿಂತಿರುತ್ತಿದ್ದದ್ದು, ಕರೆಂಟು ಹೋದ ಕೂಡಲೇ ಇಡೀ ಊರು ತನ್ನನ್ನೇ ನೆನೆಯುತ್ತಿದ್ದದ್ದು, ಎಲ್ಲವೂ ಆ ಮನೆಯ ಗೋಡೆಗಳಿಗೂ ಬಾಯಿಪಾಠವಾಗಿತ್ತು.

ಎಲ್ಲಕ್ಕಿಂತ ಅವನಿಗೆ ಹಿಡಿಸಿದ್ದು ಅಲ್ಲಿಯ ಜನರ ಮರ್ಯಾದೆ. ಎದುರು ಸಿಕ್ಕವರ ಕೈ ಹಿಡಿದು, ಮನೆ ಹೇಗಿದೆ, ಮಕ್ಕಳು ಹೇಗಿದ್ದಾರೆ, ನಿದ್ದೆ ಹೇಗಾಯಿತು ಎಂದು ನಿಧಾನವಾಗಿ ಕೇಳಿ ಮುಗಿಸುವ ತನಕ ಬಂದ ಕೆಲಸದ ಮಾತನ್ನು ಯಾರೂ ಎತ್ತುವಂತಿಲ್ಲ. ಹಿಡಿದ ಕೈಯನ್ನು ಬಿಡುವಂತೆಯೂ ಇಲ್ಲ. ಇದನ್ನು ಹೇಳುವಾಗ ಮಾತ್ರ ನಾಗಲಿಂಗಪ್ಪ ಉತ್ಪ್ರೇಕ್ಷೆ ಮಾಡುತ್ತಿರಲಿಲ್ಲ. ಆ ಊರನ್ನು ಅವನು ನಿಜಕ್ಕೂ ಪ್ರೀತಿಸಿದ್ದ.

ಇನ್ನು ಆ ಮುದುಕನ ಮಾತು. ಮನೆಯ ಮಾಲೀಕರು ರಮ್ಣಿಕ್‌ಭಾಯಿ, ಗುಜರಾತಿ ಮನೆತನದವರು. ಹುಟ್ಟಿ ಬೆಳೆದದ್ದು ಕಂಪಾಲಾದಲ್ಲಿ. ೧೯೭೨ರಲ್ಲಿ ಅಲ್ಲಿಯ ಸರ್ಕಾರ ಭಾರತೀಯ ಮೂಲದವರನ್ನೆಲ್ಲ ಹೊರಹಾಕಿದಾಗ ಊರು ಬಿಟ್ಟು ಲಂಡನ್ನಿಗೆ ಬಂದವರು. ಆ ದಿನ ಫೋನು ಮಾಡಿ, ಎಂದಿನಂತೆ ಹಿಂದಿ, ಇಂಗ್ಲಿಷು ಬೆರೆಸಿ ಹೇಳಿದ್ದರು: "ಮಗ ಮನೆ ಮಾರೋಣ ಅಂತಾನೆ. ಸೋಮವಾರ ಏಜೆಂಟು ಗಿರಾಕಿಗಳನ್ನ ಕರಕೊಂಡು ಬರ್ತಾನಂತೆ. ನಾಳೆ ನಾನೇ ಬಂದು ಒಮ್ಮೆ ನೋಡಿ, ಏನು ಅಂತ ಹೇಳ್ತೀನಿ."

ಫೋನು ಇಟ್ಟ ಮೇಲೆ ರಜನಿ ಬಹಳ ಹೊತ್ತು ಹಿತ್ತಲ ಕಡೆಗೇ ನೋಡುತ್ತ ನಿಂತಿದ್ದಳು. ಮದುವೆಯಾದಾಗಿನಿಂದ ಗಂಡನ ನೌಕರಿಯ ಹಿಂದೆ ಗಂಟುಮೂಟೆ ಕಟ್ಟಿ ಬಿಚ್ಚಿ ಅವಳಿಗೆ ಸಾಕಾಗಿತ್ತು. ಅನಿಕೇತನ ಶಾಲೆ ಕೂಗಿದರೆ ಕೇಳುವಷ್ಟು ಹತ್ತಿರ. ಈ ಮನೆ ಬಿಡಲು ಅವಳಿಗೆ ಸುತರಾಂ ಇಷ್ಟವಿರಲಿಲ್ಲ.

"ಎಣಗಾಯಿ, ರೊಟ್ಟಿ, ಶೇಂಗಾ ಹಿಂಡಿ ಮಾಡ್ತೀನಿ. ಉಂಡು ಹೋಗ್ಲಿ ಪಾಪ," ಎಂದಳು.

"ರೊಟ್ಟಿ ಹಾಕಿದ್ರ ಹೊಟ್ಟಿ ತುಂಬತೈತಿ ರಜನಿ, ಮಟೋಕೆ ಹಾಕಿದ್ರ ಎದಿ ತುಂಬತೈತಿ. ಕಂಪಾಲಾದ ಮನಷ್ಯಾ ಮಟೋಕೆ ಕಂಡ್ರ ಮನಿ ಮಾರೂದಲ್ಲ, ಬರದ ಕೊಡ್ತಾನ."

ಮಟೋಕೆ ಎಂದರೆ ಹಸಿರು ಬಾಳೆಕಾಯಿಯ ಸಿಪ್ಪೆ ತೆಗೆದು, ಬಾಳೆಎಲೆಯಲ್ಲಿ ಸುತ್ತಿ, ಹಬೆಯಲ್ಲಿ ಗಂಟೆಗಟ್ಟಲೆ ಬೇಯಿಸಿ ಹಿಸುಕುವ ಅಲ್ಲಿಯ ಊಟ.

"ನಿಮಗ ಮಾಡಾಕ ಬರತೈತೇನ್ರಿ?"

"ನಾಲ್ಕು ವರ್ಷ ಕೈಯಾರೆ ಮಾಡ್ಕೊಂಡು ಉಂಡೀನಿ."

ಇದು ಶುದ್ಧ ಸುಳ್ಳು. ಕಂಪಾಲಾದಲ್ಲಿ ಅವನ ಅಡಿಗೆ ಮಾಡುತ್ತಿದ್ದವಳು ನಕಾಟೊ ಎಂಬ ಹೆಂಗಸು. ಮಟೋಕೆ ಬೇಯುವುದನ್ನು ನಾಗಲಿಂಗಪ್ಪ ನೋಡಿದ್ದೇನೋ ನಿಜ, ಬಾಗಿಲಲ್ಲಿ ನಿಂತು, ಅದೂ ಹಸಿವಾದಾಗ.

ಭಾನುವಾರ ಬೆಳಿಗ್ಗೆ ಅವನು ತೋಳು ಮಡಚಿ ಬಾಳೆಕಾಯಿಯ ಮುಂದೆ ಕೂತ. ರಜನಿ ಎಣ್ಣೆಯ ಬಟ್ಟಲು ತಂದಿಟ್ಟಳು.

"ಕೈಗೆ ಎಣ್ಣಿ ಹಚ್ಚಿಕೊಳ್ರಿ. ಬಾಳೀಕಾಯಿ ಸೊನಿ ಹತ್ತತೈತಿ."

"ಬಜ್ಜಿ ಮಾಡೋ ಹೆಣ್ಮಕ್ಕಳ ಮಾತು ಅದು. ಕಂಪಾಲಾದಾಗ ಯಾರೂ ಹಚ್ಚಂಗಿಲ್ಲ. ಕೈ ಕೆಸರಾದ್ರ ಬಾಯಿ ಮೊಸರು."

ಬಾಳೆಕಾಯಿಯ ಸೊನೆಗೆ ಒಂದು ಕೆಟ್ಟ ಗುಣವಿದೆ. ಮೊದಲು ಅದು ನೀರಿನ ಹಾಗೆ, ಕಣ್ಣಿಗೇ ಕಾಣುವುದಿಲ್ಲ. ಕಾಣದ್ದಕ್ಕೆ ಹೆದರುವ ಗಂಡಸು ನಾಗಲಿಂಗಪ್ಪನಲ್ಲ. ಸಿಪ್ಪೆ ತೆಗೆಯುತ್ತಲೇ ಎದ್ದು ಹೋಗಿ ಫೋನು ಎತ್ತಿದ. ಪರದೆ ಸರಿಸಿ ಹವೆ ನೋಡಿದ. ಗೋಡೆಗೆ ಕೈಯಾನಿಸಿ ನಿಂತು ಮಗನಿಗೆ ಕೊಕ್ಕರೆಯ ಕತೆ ಹೇಳಿದ. ಮಾಳಿಗೆಯ ಬಾತ್‌ರೂಮಿಗೆ ಹೋಗುವಾಗ, ಬರುವಾಗ ಮೆಟ್ಟಿಲ ಪಕ್ಕದ ಗೋಡೆಯನ್ನು ಪ್ರೀತಿಯಿಂದ ಸವರಿದ. ರಮ್ಣಿಕ್‌ಭಾಯಿ ಹೋದ ಬೇಸಿಗೆಯಲ್ಲಷ್ಟೇ ಹಾಲಿನಂಥ ಬಿಳಿ ಬಣ್ಣ ಬಳಿಸಿದ್ದ ಗೋಡೆ ಅದು.

ಬಾಳೆಎಲೆ ಸಿಕ್ಕಿರಲಿಲ್ಲ. ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಕುಕ್ಕರಿಗೆ ತುರುಕಿ ಗ್ಯಾಸು ಹಚ್ಚಿದ. ಅಷ್ಟರಲ್ಲಿ ನಡುಮನೆಯಿಂದ ಅನಿಕೇತನ ದನಿ ಬಂತು.

"ಡ್ಯಾಡ್, ಕಮ್ ಅಂಡ್ ಲುಕ್."

ಗೋಡೆಯ ಮೇಲೆ ಒಂದೊಂದಾಗಿ ಕಪ್ಪು ಕೈಗಳು ಮೂಡುತ್ತಿದ್ದವು. ಫೋನಿನ ಮೇಲೆ ಬೆರಳು, ಪರದೆಯ ಮೇಲೆ ಹೆಬ್ಬೆರಳು, ಮೆಟ್ಟಿಲುದ್ದಕ್ಕೂ ಅಂಗೈ, ಯಾರೋ ಗೋಡೆ ಹಿಡಿದು ಸ್ವರ್ಗಾರೋಹಣ ಮಾಡಿದಂತೆ. ಅನಿಕೇತ ಅಪ್ಪನ ಕೈ ಹಿಡಿದು ಒಂದು ಗುರುತಿನ ಪಕ್ಕಕ್ಕೆ ಇಟ್ಟು ನೋಡಿದ.

"ದೇ ಮ್ಯಾಚ್," ಎಂದ.

ಸೋಪು ಹಾಕಿ ತಿಕ್ಕಿದರೆ ಬಿಳಿ ಬಣ್ಣ ಹೋಯಿತೇ ಹೊರತು ಕರಿ ಬಣ್ಣ ಹೋಗಲಿಲ್ಲ. ಬ್ಲೀಚು ಹಾಕಿದಾಗ ಕಲೆಯ ಸುತ್ತ ಹಳದಿ ಪ್ರಭಾವಳಿ ಬೇರೆ ಬಂತು. ರಜನಿ ದೇವರ ಕೋಣೆಗೆ ಹೋಗಿ ಪಟಗಳನ್ನೂ ಹಳೆಯ ಕ್ಯಾಲೆಂಡರುಗಳನ್ನೂ ಎತ್ತಿಕೊಂಡು ಬಂದಳು. ಅವಳು ಬೈದಿದ್ದರೆ ಚೆನ್ನಾಗಿರುತ್ತಿತ್ತು. ನಾಗಲಿಂಗಪ್ಪನಿಗೆ ಮೊದಲ ಬಾರಿ ಹೆದರಿಕೆಯಾಯಿತು. ಇದ್ದ ಮನೆಯನ್ನು ತಾನೇ ಕಳೆಯುತ್ತಿದ್ದೇನೆಂದು ಅನಿಸಿತು.

ಕರೆಗಂಟೆ ಸದ್ದಾಯಿತು.

"ಸ್ವಲ್ಪ ಹೊತ್ತು ಬಾಗಿಲಾಗ ನಿಲ್ಲಸ್ರಿ. ಇನ್ನೂ ನಾಲ್ಕು ಪಟ ಉಳದಾವು," ಎಂದಳು ರಜನಿ ಮೆಟ್ಟಿಲಿನಿಂದ.

ನಾಗಲಿಂಗಪ್ಪ ಬಾಗಿಲು ತೆರೆದು ಕೂಡಲೇ ಕೈ ಮುಗಿದ. ಕೈ ಮುಗಿದರೆ ಅಂಗೈ ಕಾಣುವುದಿಲ್ಲ. ಆಮೇಲೆ ಕಂಪಾಲಾದ ಮರ್ಯಾದೆಗೆ ಶುರುವಿಟ್ಟುಕೊಂಡ.

"ಮನೆ ಹೇಗಿದೆ ರಮ್ಣಿಕ್‌ಭಾಯಿ?"

ಮುದುಕರು ಬೆರಗಾದರು. ಮುಖ ಅರಳಿತು. "ಮನೆ ಚೆನ್ನಾಗಿದೆ. ನಿಮ್ಮ ಮನೆ?"

"ಚೆನ್ನಾಗಿದೆ. ಮಕ್ಕಳು ಹೇಗಿದ್ದಾರೆ?"

"ಚೆನ್ನಾಗಿದ್ದಾರೆ."

"ನಿದ್ದೆ ಹೇಗಾಯಿತು? ಮಂಡಿನೋವು? ಮೊಮ್ಮಕ್ಕಳು? ಮೊಮ್ಮಕ್ಕಳ ನಿದ್ದೆ?"

ಕಂಪಾಲಾದವರಾದ್ದರಿಂದ ಅವರು ಒಂದಕ್ಕೂ ಉತ್ತರ ತಪ್ಪಿಸಲಿಲ್ಲ. ಚಳಿಯಲ್ಲಿ ನಿಂತೇ ಎಲ್ಲ ಹೇಳಿದರು. ಆದರೆ ಕಂಪಾಲಾದವರಾದ್ದರಿಂದಲೇ, ಪ್ರೀತಿ ಉಕ್ಕಿ, ಮುಗಿದ ಕೈಗಳನ್ನು ಬಿಡಿಸಿ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಹಿಡಿದವರು ಬಿಡಲಿಲ್ಲ. ಮಗುಚಿ ನೋಡಿದರು.

ಅಂಗೈ ಬಾಣಲೆಯ ತಳದ ಹಾಗೆ ಕರ್ರಗಿತ್ತು.

ಮುದುಕರು ಕೈ ಬಿಟ್ಟು ಒಳಗೆ ಬಂದರು. ನಡುಮನೆಯಲ್ಲಿ ಗಣಪತಿ, ಪರದೆಯ ಪಕ್ಕ ಲಕ್ಷ್ಮಿ, ಮೆಟ್ಟಿಲುದ್ದಕ್ಕೂ ಸಿದ್ಧಾರೂಢರು, ಬಸವಣ್ಣನವರು, ಕಿರಾಣಿ ಅಂಗಡಿಯ ಕ್ಯಾಲೆಂಡರಿನ ಕೃಷ್ಣ.

"ಮೆಟ್ಟಿಲ ಮೇಲೂ ದೇವರೇ?" ಎಂದರು.

"ಹತ್ತೂಮುಂದ ನೆನೀಬೇಕಲ್ರಿ," ಎಂದಳು ರಜನಿ, ಅವರಿಗೆ ಕನ್ನಡ ಬರುವುದಿಲ್ಲವೆಂಬುದನ್ನೂ ಮರೆತು.

ರಮ್ಣಿಕ್‌ಭಾಯಿ ಕೃಷ್ಣನನ್ನು ಮೆಲ್ಲಗೆ ಸರಿಸಿದರು. ಹಿಂದೆ ಐದು ಬೆರಳೂ ಇದ್ದವು. ನಾಗಲಿಂಗಪ್ಪ ಕಣ್ಣು ಮುಚ್ಚಿಕೊಂಡ. ತೆರೆದು ನೋಡಿದಾಗ ಮುದುಕರು ತಮ್ಮ ಅಂಗೈಯನ್ನು ಆ ಗುರುತಿನ ಮೇಲೆ ಇಟ್ಟುಕೊಂಡು ನಿಂತಿದ್ದರು.

"ನಮ್ಮ ಕಂಪಾಲಾ ಮನೆಯ ಅಡಿಗೆಮನೆ ಬಾಗಿಲ ಪಕ್ಕ ಇಂಥದೇ ಒಂದಿತ್ತು," ಎಂದರು. "ನಂದೇ. ಅಡಿಗೆಯವಳಿಗೆ ಸಹಾಯ ಮಾಡ್ತೀನಿ ಅಂತ ಹೋಗಿದ್ದೆ, ಚಿಕ್ಕ ಹುಡುಗ. ಅಮ್ಮ ಹೊಡೆದಿದ್ಳು." ಇಪ್ಪತ್ತಾರು ವರ್ಷದ ಹಿಂದೆ ಬಿಟ್ಟು ಬಂದ ಮನೆಯೊಂದು ಆ ಮೆಟ್ಟಿಲ ಮೇಲೆ ಬಂದು ನಿಂತಿತ್ತು.

ಊಟಕ್ಕೆ ಕೂತರು. ಕುಕ್ಕರಿನಿಂದ ಹೊರಬಂದದ್ದು ಗೋಡೆಗೆ ಕಾಗದ ಅಂಟಿಸುವ ಗೋಂದಿನಂತಿತ್ತು. ರಮ್ಣಿಕ್‌ಭಾಯಿ ಒಂದು ಚಮಚ ಬಾಯಿಗಿಟ್ಟು, ನಿಧಾನವಾಗಿ ನುಂಗಿ, ಚಮಚವನ್ನು ಕೆಳಗಿಟ್ಟರು.

"ಕಂಪಾಲಾದಲ್ಲಿ ನಿಮ್ಮ ಅಡಿಗೆ ಯಾರು ಮಾಡ್ತಿದ್ರು?"

"ನಕಾಟೊ," ಎಂದ ನಾಗಲಿಂಗಪ್ಪ, ತಲೆ ತಗ್ಗಿಸಿ. "ನನ್ನನ್ನ ಅಡಿಗೆಮನೆ ಒಳಗೆ ಬಿಡ್ತಿರಲಿಲ್ಲ."

"ಬುದ್ಧಿವಂತೆ."

ರಜನಿ ಎದ್ದು ಒಳಗೆ ಹೋಗಿ ಬೆಳಕು ಹರಿಯುವ ಮುಂಚೆಯೇ ಮಾಡಿ ಮುಚ್ಚಿಟ್ಟಿದ್ದ ರೊಟ್ಟಿ, ಎಣಗಾಯಿ, ಹಿಂಡಿ, ಮೊಸರು ತಂದಿಟ್ಟಳು. ಗಂಡನ ಮೇಲೆ ಅವಳಿಗೆ ಪ್ರೀತಿಯಿತ್ತು, ನಂಬಿಕೆ ಇರಲಿಲ್ಲ. ರಮ್ಣಿಕ್‌ಭಾಯಿ ಬೆರಳು ನೆಕ್ಕಿಕೊಂಡು ಉಂಡರು. ಆಮೇಲೆ ಕಪ್ಪು ಬೆರಳಚ್ಚಿನ ಫೋನು ಎತ್ತಿ ಮಗನಿಗೆ ಹೇಳಿದರು: "ನಾಳೆ ಏಜೆಂಟು ಬರೋದು ಬೇಡ. ಈ ಗೋಡೆ ನೋಡಿದರೆ ಒಬ್ಬ ಗಿರಾಕಿಯೂ ನಿಲ್ಲೋದಿಲ್ಲ. ಕಲೆ ಮಾಡಿದವರೇ ಇದ್ದು ಬಣ್ಣ ಬಳಿಯಲಿ. ಕಲೆ ಹೋದ ಮೇಲೆ ಮಾರೋಣ."

"ಹೋಗೋಕೆ ಎಷ್ಟು ದಿನ ಬೇಕಾಗಬಹುದು?" ಎಂದು ರಜನಿ ಈ ಸಲ ಹಿಂದಿಯಲ್ಲೇ ಅಂಜುತ್ತ ಕೇಳಿದಳು.

ಬಾಗಿಲಲ್ಲಿ ಕೋಟು ಹಾಕಿಕೊಳ್ಳುತ್ತಿದ್ದ ಮುದುಕರು ತಿರುಗಿ ನೋಡಿದರು. "ಗೊತ್ತಿಲ್ಲಮ್ಮ. ನಮ್ಮ ಕಂಪಾಲಾ ಮನೇಲಿ ಎಷ್ಟು ಸಲ ಬಳಿಸಿದರೂ ಹೋಗಲೇ ಇಲ್ಲ."

ಹಿತ್ತಲಿನ ಮೆಂತ್ಯ ಮತ್ತೆ ಚಿಗುರಿದೆ. ನಾಗಲಿಂಗಪ್ಪ ಈಗಲೂ ರಜೆ ಸಿಕ್ಕಾಗಲೆಲ್ಲ ಏಣಿ ಹತ್ತಿ ಬಿಳಿ ಬಣ್ಣ ಬಳಿಯುತ್ತಾನೆ. ಬಳಿಯುತ್ತ ಬಳಿಯುತ್ತ ಮೈಮರೆತು, "ನಾ ಕಂಪಾಲಾದಾಗ ಇದ್ದಾಗ..." ಎಂದು ಬಾಯಿ ತೆರೆಯುತ್ತಾನೆ. ರಜನಿ ಕೆಳಗೆ ನಿಂತು ಸುಮ್ಮನೆ ತನ್ನ ಅಂಗೈ ಎತ್ತಿ ತೋರಿಸುತ್ತಾಳೆ. ಅವನು ಬಾಯಿ ಮುಚ್ಚಿ ಬಳಿಯುತ್ತಾನೆ.